ಮಾಸ್ಕೋದ ಸೋವಿ ಪುಸ್ತಕಗಳು

ಎಂಬತ್ತರ ದಶಕದಲ್ಲಿ ಉಮರ್ಗಾ, ನಿಲಂಗಾ, ಉದಗೀರದ ಕಡೆ ವಿಜ್ಞಾನ ಓದಿದ ನಮ್ಮ ಓರಗೆಯವರು ಎಲ್ಲೇ ಕೂಡಲಿ, ಮಾತು ‘ಮಿರ್’ ಪುಸ್ತಕಗಳತ್ತ ಹೊರಳುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್. ನಿಲಂಗಾ, ಉದಗೀರ 1956ರವರೆಗೆ ಬೀದರ ಜಿಲ್ಲೆಯಲ್ಲೇ ಇದ್ದವು. ರಾಜ್ಯಗಳ ಮರುವಿಂಗಡಣೆಯಲ್ಲಿ ಮುಂಬೈ ಕಡೆಗೆ ಸೇರಿದ ಮೇಲೆ ನಮಗೆ ಬೆಂಗಳೂರೂ ದೂರ, ಮುಂಬೈಯೂ ದೂರ. ಮಾಸ್ಕೋ ಮಾತ್ರ ಹೇಗೋ ಹತ್ತಿರವಾಯಿತು.

ಮಿರ್ 1946ರಲ್ಲಿ ಶುರುವಾದ ಸೋವಿಯತ್ ಸರ್ಕಾರದ ಪ್ರಕಾಶನ. ರಷ್ಯನ್ ವಿಜ್ಞಾನ, ತಂತ್ರಜ್ಞಾನದ ಪುಸ್ತಕಗಳನ್ನು ಇಂಗ್ಲಿಷಿಗೂ ಬೇರೆ ಭಾಷೆಗಳಿಗೂ ತರುವುದು ಅದರ ಕೆಲಸ. ಸರ್ಕಾರದ ಹಣದ ಬಲವಿದ್ದದ್ದರಿಂದ ಬೆಲೆ ಸೋವಿ. ಕಲಬುರಗಿಗೆ ಹೋದವರು ನವಕರ್ನಾಟಕದ ಮಳಿಗೆಯಿಂದ ತರುತ್ತಿದ್ದರು. ಮುಂಬೈ ಕಡೆ ನೆಂಟರಿದ್ದವರಿಗೆ ಲೋಕವಾಙ್ಮಯ ಗೃಹ. ಒಬ್ಬ ತಂದರೆ ಮೂರು ಊರು ಓದುತ್ತಿತ್ತು. “ಸೋವಿ ಅದ ಅಂತ ತಗೊಂಡಿ, ಓದ್ತಿ ಏನ್?” ಅಂತ ಮನೆಯ ಹಿರಿಯರು ಕೇಳಿದರೆ ಉತ್ತರ ಕೊಡುವುದು ಕಷ್ಟವಿತ್ತು.

ಪೆರೆಲ್ಮನ್ನರ ಮನರಂಜನೆಯ ಭೌತಶಾಸ್ತ್ರವನ್ನಂತೂ ಕಥೆಯಂತೆ ಓದಿದೆವು. 1913ರಲ್ಲಿ ಮೊದಲು ಬಂದ ಪುಸ್ತಕ. ಬರೆದವರು 1942ರಲ್ಲಿ ಲೆನಿನ್‌ಗ್ರಾಡಿನ ಮುತ್ತಿಗೆಯಲ್ಲಿ ಹಸಿವಿನಿಂದ ಸತ್ತರೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಇರೊಡೊವ್‌ರ ಭೌತಶಾಸ್ತ್ರದ ಲೆಕ್ಕಗಳ ಪುಸ್ತಕ ಬೇರೆಯೇ ಜಾತಿ. ಸುಮಾರು 1900 ಲೆಕ್ಕ, ಹಿಂದೆ ಬರೀ ಉತ್ತರ, ತೀರಾ ಕಠಿಣವಾದವಕ್ಕೆ ಒಂದಿಷ್ಟು ಸುಳಿವು. ಒಂದು ಲೆಕ್ಕಕ್ಕೆ ರಾತ್ರಿಯೆಲ್ಲ ಕೂತು, ಬೆಳಿಗ್ಗೆ ಎಸ್.ಟಿ. ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಜಗಳ ಕಾಯುತ್ತಿದ್ದೆವು.

ಮಿರ್ ಪುಸ್ತಕಗಳ ಕೊನೆಯ ಪುಟದಲ್ಲಿ ಅನುವಾದ, ಮುದ್ರಣ ಹೇಗಿದೆ ಬರೆದು ತಿಳಿಸಿ ಎಂಬ ವಿನಂತಿ, ಕೆಳಗೆ ಮಾಸ್ಕೋದ ಪೆರ್ವಿ ರೀಝ್‌ಸ್ಕಿ ಪೆರೆವುಲೊಕ್‌ನ ವಿಳಾಸ. ನಮ್ಮ ಅಭಿಪ್ರಾಯ ಕೇಳಿದ ಪ್ರಕಾಶಕರು ಅವರೊಬ್ಬರೇ! ಬರೆಯಬೇಕೆಂದು ಮಾತಾಡಿಕೊಂಡೆವು, ವಿದೇಶಿ ಟಪಾಲಿನ ಖರ್ಚು ಕೇಳಿ ಸುಮ್ಮನಾದೆವು.

ಅದೆಲ್ಲ ಪ್ರಚಾರ ಅನ್ನುವವರಿದ್ದಾರೆ. ಇರಬಹುದು, ಆದರೆ ಘರ್ಷಣೆಯ ಲೆಕ್ಕದಲ್ಲಿ ಪ್ರಚಾರ ಎಲ್ಲಿ ತುರುಕುತ್ತಾರೋ ನನಗೆ ತಿಳಿಯದು. 1991ರಲ್ಲಿ ಸೋವಿಯತ್ ದೇಶವೇ ಹೋಯಿತು, ಅದರೊಂದಿಗೆ ಆ ಬೆಲೆಯೂ. ಇರೊಡೊವ್ ಈಗಲೂ ಇಲ್ಲೇ ಮರುಮುದ್ರಣವಾಗುತ್ತದೆ, ಲಾತೂರಿನ ಕೋಚಿಂಗ್ ಕ್ಲಾಸಿನ ಹುಡುಗರಿಗೂ ಸಿಗುತ್ತದೆ. ಮಿಕ್ಕ ಎಷ್ಟನ್ನೋ ಅಭಿಮಾನಿಗಳು ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಏರಿಸಿದ್ದಾರೆ. ನಿಮ್ಮ ಮನೆಯಲ್ಲಿ ಹಳೆಯ ಮಿರ್ ಪ್ರತಿ ಇದ್ದರೆ ರದ್ದಿಗೆ ಹಾಕಬೇಡಿ, ಊರಿನ ವಾಚನಾಲಯಕ್ಕೆ ಕೊಡಿ.