ಬಳಿಚಕ್ರದ ಬುತ್ತಿ

ಯಾದಗಿರಿಯ ನಿಲ್ದಾಣದಲ್ಲಿ ರೈಲಿನಿಂದಿಳಿದ ಪ್ರಯಾಣಿಕನ ಕಣ್ಣನ್ನು ಮೊದಲು ಸೆಳೆಯುವುದು ಬೆಟ್ಟದ ಮೇಲಣ ಕೋಟೆ. ಈ ಸೀಮೆಗೆ ಬಂದವರಲ್ಲಿ ಹೆಚ್ಚಿನವರು ಆ ಕೋಟೆಯನ್ನು ಹತ್ತಿಳಿದು, ಶಹಾಪುರದ ಬೆಟ್ಟಸಾಲಿನಲ್ಲಿ ಮಲಗಿದ ಬುದ್ಧನಂತೆ ತೋರುವ ಬಂಡೆಗಳನ್ನು ಕಂಡು, ಸುರಪುರದಲ್ಲಿ ಮೆಡೋಸ್ ಟೇಲರನ ಬಂಗಲೆಯನ್ನು ನೋಡಿಕೊಂಡು ಹಿಂದಿರುಗುತ್ತಾರೆ. ಯಾದಗಿರಿ ತಾಲ್ಲೂಕಿನ ಬಳಿಚಕ್ರವನ್ನು ನೋಡಲೆಂದೇ ಬರುವವರು ವಿರಳ. ಊರಿನ ಹೆಸರು ಕಿವಿಗೆ ಬಿದ್ದೊಡನೆ ಪುರಾಣದ ಬಲಿಚಕ್ರವರ್ತಿ ನೆನಪಾಗುತ್ತಾನೆ. ಹೆಸರಿನ ಮೂಲ ಏನೇ ಇರಲಿ, ಬಂದವರಿಗೆ ಉಣಬಡಿಸುವ ವಿಷಯದಲ್ಲಿ ಈ ಸೀಮೆಯವರೂ ಕೈ ಹಿಡಿಯುವವರಲ್ಲ. "ಬರ್ರಿ, ಕೂಡ್ರಿ, ರೊಟ್ಟಿ ಉಂಡ ಹೋಗ್ರಿ" ಎಂಬ ಮಾತು ಬಾಗಿಲಲ್ಲಿಯೇ ಕೇಳಿಬರುತ್ತದೆ. ಕೋಟೆಯಿಲ್ಲದ ಈ ಊರಿನಲ್ಲಿ ನೋಡಲು ಏನಿದೆ ಎಂದು ಕೇಳುವವರು ಆ ಕರೆಯನ್ನು ಮನ್ನಿಸಿ ಊಟಕ್ಕೆ ಕುಳಿತುಕೊಳ್ಳಬೇಕು.

ಆದರೆ ತಟ್ಟೆಗಿಂತ ಮೊದಲು ಹೊಲ. ಮಾಗಿಯ ದಿನಗಳಲ್ಲಿ ಈ ಭಾಗದ ಕರಿಮಣ್ಣಿನ ಮೇಲೆ ಹಿಂಗಾರಿ ಜೋಳ ನಿಂತಿರುತ್ತದೆ. ಮಳೆ ಹಿಂದೆ ಸರಿದ ಮೇಲೆ ಬಿತ್ತಿದ ಬೆಳೆ. ಮಣ್ಣು ತನ್ನೊಡಲಲ್ಲಿ ಹಿಡಿದಿಟ್ಟ ತೇವವೇ ಅದಕ್ಕೆ ಆಧಾರ. ಸಾಲುಗಳ ನಡುವೆಯೋ ಹೊಲದ ಅಂಚಿನಲ್ಲಿಯೋ ಕುಸುಬೆ ಇರುವುದುಂಟು. ಅದರ ಮುಳ್ಳು ದನಗಳನ್ನು ದೂರವಿಡುತ್ತದೆ, ಬೀಜ ಎಣ್ಣೆಯಾಗುತ್ತದೆ, ಎಳೆಯ ಎಲೆ ಪಲ್ಯವಾಗುತ್ತದೆ. ಮುಂಗಾರಿಯ ನೆಲದಲ್ಲಿ ತೊಗರಿ, ಹೆಸರು, ಶೇಂಗಾ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈ ಹಿಡಿಯಲಿ ಎಂಬ ಒಕ್ಕಲುತನದ ಲೆಕ್ಕಾಚಾರವದು. ಆ ಲೆಕ್ಕವೇ ಅಡುಗೆಮನೆಗೂ ಬಂದಿದೆ.

ಜೋಳದ ಹಿಟ್ಟಿನಲ್ಲಿ ಗೋಧಿಯ ಅಂಟಿಲ್ಲ. ಆದುದರಿಂದ ಕುದಿಯುವ ಎಸರನ್ನು ಹಾಕಿ ನಾದಬೇಕು, ಅಂಗೈಯಿಂದ ಬಡಿದು ಹಿಗ್ಗಿಸಬೇಕು, ಹಂಚಿಗೆ ಹಾಕಿ ಮೇಲೆ ನೀರು ಸವರಬೇಕು. ಬೆಳಗಿನ ಹೊತ್ತು ಓಣಿಯಲ್ಲಿ ನಡೆದರೆ ಮನೆಮನೆಯಿಂದಲೂ ಆ ಬಡಿತದ ತಾಳ ಕೇಳುತ್ತದೆ. ರೊಟ್ಟಿಯ ಪಕ್ಕಕ್ಕೆ ತೊಗರಿಬೇಳೆಯೊಡನೆ ಬೇಯಿಸಿದ ಹುಳಿಯಾದ ಪುಂಡಿಪಲ್ಯ, ಶೇಂಗಾ ಹಿಂಡಿ ಅಥವಾ ಗುರೆಳ್ಳಿನ ಹಿಂಡಿ, ಕಚ್ಚಿಕೊಳ್ಳಲು ಹಸಿ ಉಳ್ಳಾಗಡ್ಡಿ, ಇದ್ದವರ ಮನೆಯಲ್ಲಿ ಮೊಸರು. ಬೇಸಗೆ ಬಂದರೆ ಅಂಬಲಿ, ಮಜ್ಜಿಗೆ. ಚಳಿಯಲ್ಲಿ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ. ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಹತ್ತಾರು ಬಗೆಯ ಕಾಳು ಸೊಪ್ಪುಗಳನ್ನು ಕೂಡಿಸಿ ಬೇಯಿಸಿದ ಭಜ್ಜಿಯನ್ನು ಉಣ್ಣುತ್ತಾರೆ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ನಡೆದವರ ಬುತ್ತಿಯಲ್ಲಿಯೂ ಇದೇ ಸರಕು.

ಈ ಜೋಡಿಗಳನ್ನು ಪ್ರಯೋಗಶಾಲೆಯಲ್ಲಿ ಅಳೆದು ನೋಡಿದವರಿದ್ದಾರೆ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಅಷ್ಟೇ ನಾರು. ಬಿಳಿಯ ಅಕ್ಕಿಯಲ್ಲಿ ನಾರು 3 ಗ್ರಾಮನ್ನೂ ಮುಟ್ಟುವುದಿಲ್ಲ. ಜೋಳಕ್ಕೆ ಕೊರತೆಯಾದ ಲೈಸಿನ್ ಎಂಬ ಸತ್ವ ತೊಗರಿಯಲ್ಲಿ ಧಾರಾಳವಾಗಿದೆ. ಹಸಿಯ ತರಕಾರಿಯ, ನಿಂಬೆಯ ಸಿ ಜೀವಸತ್ವವು ಧಾನ್ಯದ ಕಬ್ಬಿಣವನ್ನು ದೇಹವು ಹೀರಿಕೊಳ್ಳಲು ನೆರವಾಗುತ್ತದೆ; ಊಟದ ಬೆನ್ನಿಗೇ ಕುಡಿದ ಚಹಾ ಅದನ್ನು ತಡೆಯುತ್ತದೆ. ಎಳ್ಳಿನಲ್ಲಿರುವ ಸುಣ್ಣದ ಅಂಶವಂತೂ ನೂರು ಗ್ರಾಮಿಗೆ ಸಾವಿರ ಮಿಲಿಗ್ರಾಮನ್ನು ಮೀರುತ್ತದೆ.

ಇಷ್ಟನ್ನು ಕೇಳಿದ ಪಟ್ಟಣದ ಓದುಗರು, ಹಾಗಾದರೆ ಜೋಳದ ಸೀಮೆಯಲ್ಲಿ ರೋಗವೇ ಇರಲಿಲ್ಲವೆಂದು ಭಾವಿಸಿಯಾರು. ಇತ್ತು, ಮತ್ತು ಜೋಳದ ನೆವದಿಂದಲೇ ಇತ್ತು. ಅದರ ಹೆಸರು ಪೆಲಾಗ್ರ. ಬಿಸಿಲು ತಗಲುವ ಕತ್ತು, ಮುಂಗೈ, ಪಾದಗಳ ಚರ್ಮ ಕಪ್ಪಾಗಿ ಒರಟಾಗುವುದು, ನಾಲಿಗೆ ಉರಿಯುವುದು, ಹೊಟ್ಟೆ ಕೆಡುವುದು, ಕಡೆಗೆ ಮನಸ್ಸೂ ಮಂಕಾಗುವುದು ಅದರ ಲಕ್ಷಣಗಳು. ಇಟಲಿಯಲ್ಲಿ, ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಮೆಕ್ಕೆಜೋಳವನ್ನೇ ನಂಬಿದ ಬಡವರನ್ನು ಅದು ಕಾಡಿತು. ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯನು 1914ರಿಂದ ಮುಂದೆ ನಡೆಸಿದ ಶೋಧನೆಯಿಂದ, ಅದು ಅಂಟುಜಾಡ್ಯವಲ್ಲ, ಊಟದ ಕೊರತೆ ಎಂದು ತಿಳಿದುಬಂದಿತು. 1937ರಲ್ಲಿ ಕಾನ್ರಾಡ್ ಎಲ್ವೆಜೆಮ್ ಅದಕ್ಕೆ ಮದ್ದಾದ ನಿಕೋಟಿನಿಕ್ ಆಮ್ಲವನ್ನು ಗುರುತಿಸಿದನು. ಆದರೆ ಮೆಕ್ಕೆಜೋಳವನ್ನಲ್ಲ, ಬರಿಯ ಜೋಳವನ್ನು ಉಣ್ಣುವ ದಖ್ಖನಿನ ಕೂಲಿಕಾರರಿಗೆ ಈ ರೋಗವೇಕೆ?

ಆ ಪ್ರಶ್ನೆಯನ್ನು ಬಿಡಿಸಹೊರಟದ್ದು ಹೈದರಾಬಾದಿನ ಪ್ರಯೋಗಶಾಲೆ. ರಾಬರ್ಟ್ ಮೆಕ್‌ಕ್ಯಾರಿಸನ್ ಕೂನೂರಿನಲ್ಲಿ 1918ರಲ್ಲಿ ತೊಡಗಿದ ಆಹಾರ ಸಂಶೋಧನೆಯು ಬೆಳೆದು, 1950ರ ದಶಕದ ಕೊನೆಗೆ ಹೈದರಾಬಾದಿಗೆ ಬಂದು ನೆಲಸಿತ್ತು. ಅದೇ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಬಳಿಚಕ್ರವೂ 1948ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ನೆಲ. 1956ರಲ್ಲಿ ಅದು ಕನ್ನಡನಾಡನ್ನು ಕೂಡಿಕೊಂಡರೂ, ಗಡಿಯ ಆಚೆಯದೂ ಈಚೆಯದೂ ಒಂದೇ ರೊಟ್ಟಿ. ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು 1960ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಕಾರಣವನ್ನು ಮುಂದಿಟ್ಟರು. ಜೋಳದಲ್ಲಿರುವ ಲ್ಯೂಸಿನ್ ಎಂಬ ಸತ್ವ ಅತಿಯಾಗಿದ್ದು, ನಿಕೋಟಿನಿಕ್ ಆಮ್ಲವನ್ನು ದೇಹವು ಮಾಡಿಕೊಳ್ಳುವ ಕೆಲಸಕ್ಕೆ ಅದು ಅಡ್ಡಬರುತ್ತದೆ ಎಂಬುದು ಅವರ ವಾದ. ಕೊರತೆಯಿಂದ ರೋಗ ಬರುವುದು ಗೊತ್ತಿದ್ದ ಸಂಗತಿ. ಒಂದು ಸತ್ವದ ಅತಿಯಿಂದ ತಕ್ಕಡಿ ವಾಲಬಹುದೆಂಬುದು ಹೊಸ ಮಾತಾಗಿತ್ತು. ಆ ವಿವರಣೆಯನ್ನು ಕುರಿತು ವಿಜ್ಞಾನಿಗಳಲ್ಲಿ ಮುಂದೆ ಚರ್ಚೆ ನಡೆಯಿತು, ಅದಿರಲಿ. ರೋಗಕ್ಕೆ ತುತ್ತಾದವರು ಬೇಳೆ, ಹಾಲು, ಸೊಪ್ಪು ಸೇರಿದ ತಟ್ಟೆಯವರಲ್ಲ. ಉಪ್ಪು ಮೆಣಸಿನಕಾಯಿಯೊಡನೆ ರೊಟ್ಟಿಯನ್ನು ನುಂಗಿ ದುಡಿಯಲು ಹೋದವರು. ಪುಂಡಿಪಲ್ಯವನ್ನು ತಟ್ಟೆಯಿಂದ ಎತ್ತಿಹಾಕಿದ್ದು ಬಡತನವೇ ಹೊರತು ಆ ಕಾಲದ ತಾಯಂದಿರಲ್ಲ.

ಪೆಲಾಗ್ರ ಈಗ ಬಹಳ ಅಪರೂಪ. ಪಡಿತರದ ಅಕ್ಕಿ ಬಡವರ ಮನೆಗೆ ಬಂದುದು ಅದಕ್ಕೆ ಒಂದು ಕಾರಣವೆಂದು ತಜ್ಞರು ಹೇಳುತ್ತಾರೆ. 2013ರಲ್ಲಿ ಅನ್ನಭಾಗ್ಯ ಯೋಜನೆ ಬಂದ ಮೇಲೆ ಅಕ್ಕಿಯ ಚೀಲ ಇನ್ನಷ್ಟು ಹತ್ತಿರವಾಯಿತು. ಹಸಿವಿಗೆ ಅದು ದೊಡ್ಡ ಉಪಕಾರ. ಅದನ್ನು ಹಗುರಾಗಿ ಆಡಿಕೊಳ್ಳುವವರು ಒಮ್ಮೆ ಖಾಲಿ ಹಗೇವಿನ ಮುಂದೆ ನಿಂತು ನೋಡಬೇಕು. ಆದರೂ ತಕ್ಕಡಿಯ ಇನ್ನೊಂದು ಪರಡಿ ಮೇಲೆಯೇ ಉಳಿದಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಯಾದಗಿರಿ ಜಿಲ್ಲೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರಕ್ಕೆ ಬೆಳೆದಿಲ್ಲ. ಇಡೀ ರಾಜ್ಯದಲ್ಲಿ ಆ ಪ್ರಮಾಣ ನೂರಕ್ಕೆ ಸುಮಾರು 35. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಇಷ್ಟು ಹೆಸರಾದ ಬೇಳೆ ಬೆಳೆಯುವ ಬಯಲಿನಲ್ಲಿಯೇ ಅದನ್ನು ಮಾರಿ, ಅನ್ನಕ್ಕೆ ತಿಳಿಸಾರು ಹಾಕಿಕೊಂಡು ಉಣ್ಣುವ ಮನೆಗಳಿವೆ.

ಇತ್ತ ನಗರಗಳಲ್ಲಿ ಜೋಳಕ್ಕೆ ಮರುಮರ್ಯಾದೆ ಬಂದಿದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲಂತೂ ಅದು ಬಣ್ಣದ ಪೊಟ್ಟಣವನ್ನೇರಿ ಕುಳಿತಿದೆ. ಸಕ್ಕರೆ ಕಾಯಿಲೆಗೆ ಇದೇ ಮದ್ದೆಂದು ನಂಬಿ ಮೂರು ಹೊತ್ತೂ ಜೋಳವನ್ನೇ ಹಿಡಿದವರುಂಟು. ಹಾಗೆ ನಂಬಿ ವೈದ್ಯರು ಕೊಟ್ಟ ಔಷಧಿಯನ್ನು ನಿಲ್ಲಿಸುವುದು ಅಪಾಯ. ಇಷ್ಟಕ್ಕೂ ಬಳಿಚಕ್ರದ ಒಕ್ಕಲಿಗನು ನಾಲ್ಕು ರೊಟ್ಟಿ ಉಣ್ಣುವುದು ಹೊತ್ತು ಮೂಡುವ ಮುನ್ನ ಎದ್ದು ಹೊಲ ನಡೆದ ಮೇಲೆ. ಕಚೇರಿಯ ಕುರ್ಚಿಯಲ್ಲಿ ಎಂಟು ಗಂಟೆ ಕುಳಿತವರಿಗೆ ಎರಡೇ ಸಾಕು, ಮಿಕ್ಕ ಜಾಗ ಪಲ್ಯಕ್ಕಿರಲಿ. ಸಂಜೆ ಒಂದಿಷ್ಟು ನಡೆದು, ರಾತ್ರಿಯ ಊಟವನ್ನು ಹೊತ್ತಿಗೆ ಮುಂಚೆ ಮುಗಿಸಿದರೆ ಇನ್ನೂ ಒಳ್ಳೆಯದು. ಹಳ್ಳಿಯಲ್ಲಿ ದೀಪದೆಣ್ಣೆ ಉಳಿಸಲೆಂದು ಮಾಡುತ್ತಿದ್ದುದನ್ನು ಈಗ ಪಟ್ಟಣದ ಸಲಹೆಗಾರರು ದಕ್ಷಿಣೆ ಪಡೆದು ಹೇಳಿಕೊಡುತ್ತಿದ್ದಾರೆ.

ಸುಗ್ಗಿ ಮುಗಿದು ಹೊಲದಲ್ಲಿ ಕೆಲಸ ತೀರಿದ ಮೇಲೆ ಈ ಸೀಮೆಯ ಅನೇಕ ಸಂಸಾರಗಳು ಕಟ್ಟಡದ ಕೆಲಸಕ್ಕೆಂದು ಬೆಂಗಳೂರು, ಮುಂಬಯಿ, ಹೈದರಾಬಾದುಗಳ ದಾರಿ ಹಿಡಿಯುತ್ತವೆ. ಹೊರಡುವ ಮುನ್ನ ಮನೆಯಲ್ಲಿ ರೊಟ್ಟಿಯ ಬಡಿತ ನಿಲ್ಲುವುದೇ ಇಲ್ಲ. ಬಡಿದ ರೊಟ್ಟಿಯನ್ನು ಕಟಕಟನೆ ಒಣಗಿಸಿ ಅಡಕಲು ಮಾಡುತ್ತಾರೆ. ನೀರು ತಾಗದಿದ್ದರೆ ವಾರಗಟ್ಟಲೆ ಕೆಡದು. ಒಂದು ಬಟ್ಟೆಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಶೇಂಗಾ ಹಿಂಡಿ. "ಯಪ್ಪಾ, ಹಾದ್ಯಾಗ ಹಸಗೊಂಡ ಇರಬ್ಯಾಡ, ಬುತ್ತಿ ಬಿಚ್ಚಿ ಉಣ್ಣು" ಎಂದು ಮುದುಕಿ ಮಗನ ಕೈಗೆ ಗಂಟನ್ನು ಕೊಡುತ್ತಾಳೆ. ಪುಂಡಿಪಲ್ಯವನ್ನು ಅಷ್ಟು ದೂರ ಒಯ್ಯಲಾಗದು. ಗಾಡಿ ಹೊರಡುತ್ತದೆ. ಹತ್ತು ಹದಿನೈದು ದಿನಗಳಲ್ಲಿ ಗಂಟು ಕರಗುತ್ತದೆ. ಆಮೇಲೆ ತಗಡಿನ ಗುಡಿಸಲ ಮುಂದೆ, ಮೂರು ಇಟ್ಟಿಗೆಯ ಒಲೆಯ ಮೇಲೆ, ಅಕ್ಕಿ ಬೇಯತೊಡಗುತ್ತದೆ.