ಊರಿನ ಹೆಸರು, ನಮ್ಮ ನಾಚಿಕೆ

ಹುಣಸೂರಿನ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ಕುಳಿತರೆ ಒಂದು ನಿಘಂಟನ್ನು ತಿರುವಿಹಾಕಿದ ಫಲ ದೊರೆಯುತ್ತದೆ. ಬಿಳಿಕೆರೆ, ತಟ್ಟೆಕೆರೆ, ಗಾವಡಗೆರೆ, ಕಟ್ಟೆಮಳಲವಾಡಿ, ಹನಗೋಡು ಎಂದು ನಿರ್ವಾಹಕರು ಕೂಗುವ ಒಂದೊಂದು ಹೆಸರೂ ಒಂದೊಂದು ಚಿತ್ರವನ್ನು ಕಣ್ಣ ಮುಂದೆ ತರುತ್ತದೆ. ಕೆರೆಯನ್ನು ಬೆಳ್ಳಗೆ ಕಂಡವರು ಯಾರೋ, ಅದನ್ನು ಊಟದ ತಟ್ಟೆಯಂತೆ ಕಂಡ ಹಸಿದವರು ಯಾರೋ! ಒಮ್ಮೆ ಈ ಸೀಮೆಯ ಬಸ್ಸಿನಲ್ಲಿ ಹೋಗುತ್ತಿದ್ದಾಗ, “ಗದ್ದಿಗೆ ಇಳಿಯೋರು ಬೇಗ ಬೇಗ ಇಳೀರಿ” ಎಂಬ ಕೂಗು ಕೇಳಿಸಿತು. ಮಠದಲ್ಲಿ ಬೆಳೆದ ನನಗೆ ಗದ್ದಿಗೆಯೆಂದರೆ ಗುರುಗಳ ಸನ್ನಿಧಿ. ಗದ್ದಿಗೆಯನ್ನು ಏರಲು ಪೈಪೋಟಿ ನಡೆದುದನ್ನು ಕೇಳಿಬಲ್ಲೆನು. ಇಳಿಯಲು ಅವಸರಪಡುವವರನ್ನು ಕಂಡದ್ದು ಅದೇ ಮೊದಲು.

ಹೆಗ್ಗಡದೇವನಕೋಟೆಯ ಪಾಡು ಇನ್ನೂ ವಿನೋದದ್ದು. ಅಷ್ಟುದ್ದದ ಹೆಸರು ಬಸ್ಸಿನ ಫಲಕದಲ್ಲಿ ಹಿಡಿಸದೆ ‘ಎಚ್.ಡಿ. ಕೋಟೆ’ಯಾಯಿತು. ಹೆಗ್ಗಡದೇವನು ಈಗ ಮರಳಿ ಬಂದರೆ, ತನ್ನ ಕೋಟೆಯನ್ನು ಕೊಂಡ ಈ ಎಚ್.ಡಿ. ಎಂಬ ಮಹಾಶಯರು ಯಾರೆಂದು ವಿಚಾರಿಸಿಯಾನು! ಅದರ ಸಮೀಪದಲ್ಲೇ ಹ್ಯಾಂಡ್‌ಪೋಸ್ಟ್ ಎಂಬ ಊರಿದೆ. ದಾರಿಗಳು ಕೂಡುವೆಡೆ ಕೈ ಚಾಚಿ ದಿಕ್ಕು ತೋರುವ ಕಂಬಕ್ಕೆ ಇಂಗ್ಲಿಷಿನವರು ಇಟ್ಟ ಹೆಸರದು. ಬೇರೆ ಊರುಗಳಿಗೆ ದಾರಿ ತೋರಬೇಕಾದ ಕಂಬವೇ ಇಲ್ಲಿ ಊರಾಗಿ ನಿಂತಿದೆ.

ನಗೆಯ ಹಿಂದೆ ಇತಿಹಾಸವೂ ಅಡಗಿರುತ್ತದೆ. ಹಳಗನ್ನಡದ ‘ಪಿರಿಯ’ ಹೊಸಗನ್ನಡದಲ್ಲಿ ‘ಹಿರಿಯ’ ಆಯಿತು; ಪಾಲು ಹಾಲಾಯಿತು, ಪೂವು ಹೂವಾಯಿತು. ಆದರೆ ಪಿರಿಯಾಪಟ್ಟಣ ಮಾತ್ರ ತನ್ನ ಪಕಾರವನ್ನು ಬಿಟ್ಟುಕೊಡಲಿಲ್ಲ. ವ್ಯಾಕರಣದ ಪಾಠವೊಂದು ಅಲ್ಲಿ ದಿನವೂ ಸಂತೆಗೆ ಹೋಗಿಬರುತ್ತಿದೆ. ಅದೇ ತಾಲ್ಲೂಕಿನ ಬೆಟ್ಟದಪುರದ ಬೆಟ್ಟದ ಮೇಲಿರುವ ಸ್ವಾಮಿಯು ಚಂಗಾಳ್ವ ಅರಸರಿಗೆ ಕುಲದೈವವಾದ ಅನ್ನದಾನಿ ಮಲ್ಲಿಕಾರ್ಜುನ. ಜನರ ಬಾಯಲ್ಲಿ ಸಿಡಿಲು ಮಲ್ಲಿಕಾರ್ಜುನ. ಅನ್ನವೆತ್ತ, ಸಿಡಿಲೆತ್ತ ಎಂದು ಪೇಟೆಯವರು ನಕ್ಕಾರು. ಮಳೆಯನ್ನು ನಂಬಿ ಬಾಳುವ ಬೇಸಾಯಗಾರನಿಗೆ ಮಾತ್ರ ಎರಡೂ ಒಂದೇ ಮೋಡದಿಂದ ಬರುವುದೆಂಬುದು ಗೊತ್ತು.

ಹೆಸರು ಬದಲಾಗಲೇಬಾರದೆಂದು ನಾನು ಹೇಳಲಾರೆ. ೧೯೨೪ರ ಕಾವೇರಿಯ ಮಹಾಪ್ರವಾಹದಿಂದ ಎಡತೊರೆ ಜರ್ಜರಿತವಾದ ತರುವಾಯ ಎತ್ತರದ ನೆಲದಲ್ಲಿ ಹೊಸ ಪಟ್ಟಣ ಕಟ್ಟಲ್ಪಟ್ಟಿತು. ಅದಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟು ಕೃಷ್ಣರಾಜನಗರವೆಂದು ಕರೆದುದು ನ್ಯಾಯವೇ. ಅಲ್ಲಿ ಊರೇ ಹೊಸದು, ಹೆಸರೂ ಹೊಸದಾಯಿತು. ಹಳೆಯ ಎಡತೊರೆ ಎಂಬ ಹೆಸರು ನದಿಯ ದಡದ ಅರ್ಕೇಶ್ವರನ ಬಳಿ ಇಂದಿಗೂ ಉಳಿದಿದೆ. ಆದರೆ ಊರು ಇದ್ದಲ್ಲಿಯೇ ಇದ್ದು, ಬರಿಯ ನಾಚಿಕೆಯಿಂದ ಹೆಸರನ್ನು ಬದಲಿಸುವುದು ಬೇರೆ ಮಾತು. ಅಂತಹ ಒಂದು ತಪ್ಪಿನಲ್ಲಿ ನನ್ನ ಪಾಲೂ ಇದೆ.

ನಲವತ್ತು ವರ್ಷಗಳ ಹಿಂದಿನ ಸಂಗತಿ. ಓದು ಮುಗಿಸಿದ ಹೊಸತರಲ್ಲಿ ಒಂದು ಸಣ್ಣ ಹಳ್ಳಿಯ ಹಿರಿಯರು ನನ್ನಲ್ಲಿಗೆ ಬಂದರು. ಅವರ ಊರ ಹೆಸರು ‘ಕುಪ್ಪೆ’ ಎಂದು ಮುಗಿಯುತ್ತಿತ್ತು. “ತಿಪ್ಪೆ ಕುಪ್ಪೆ ಅಂತ ನೆಂಟರು ಆಡ್ಕೋತಾರೆ ಅಯ್ನೋರೆ. ಹೆಣ್ಣು ಕೊಡೋಕೆ ಬಂದೋರೂ ನಗ್ತಾರೆ. ಒಂದು ಒಳ್ಳೆ ಹೆಸರು ಹುಡುಕಿಕೊಡಿ” ಎಂದರು. ಸಂಸ್ಕೃತದ ಅಭಿಮಾನ ತಲೆಗೇರಿದ್ದ ಕಾಲ. ‘ಪುರ’ ಎಂದು ಕೊನೆಗೊಳ್ಳುವ ಗಂಭೀರವಾದ ಹೆಸರೊಂದನ್ನು ಸೂಚಿಸಿದೆ. ಊರ ಮುಂದೆ ಫಲಕ ನೆಟ್ಟು, ನನಗೊಂದು ಶಾಲು ಹೊದಿಸಿದರು.

ಕಳೆದ ವರ್ಷ ಆ ಕಡೆ ಹೋಗಿದ್ದೆ. ಶಾಲೆಯ ಮಗುವೊಂದನ್ನು ನಿಮ್ಮೂರಿಗೆ ಈ ಹೆಸರು ಏಕೆ ಬಂತೆಂದು ಕೇಳಿದೆ. ಅದು ಮುಗುಳ್ನಕ್ಕು ಓಡಿತು. ಜಗುಲಿಯ ಮೇಲಿದ್ದ ಮುದುಕಿಯೊಬ್ಬರು ತಾವಾಗಿ ಹೇಳಿದರು: “ಅದ್ಯಾರೋ ಇಟ್ಟಿದ್ದು ಅಯ್ನೋರೆ. ಮೊದ್ಲು ಸುತ್ತಿನ ಹಳ್ಳಿಯೋರೆಲ್ಲ ರಾಗಿ ಕುಯ್ದು ತಂದು ಇಲ್ಲೇ ಕುಪ್ಪೆ ಹಾಕ್ತಿದ್ರು. ದೊಡ್ಡ ಬಂಡೆ ಕಣ ಇದ್ದದ್ದು ನಮ್ಮೂರಲ್ಲೇ.” ಆ ‘ಯಾರೋ’ ನಾನೇ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ನಾನು ಕಸವೆಂದು ಗುಡಿಸಿ ಹಾಕಿದ್ದು ಹತ್ತು ಹಳ್ಳಿಗಳ ರಾಗಿಯ ರಾಶಿಯನ್ನು! ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯೂ ಕುಪ್ಪೆಯೇ. ೧೯೬೦ರ ದಶಕದಿಂದ ಟಿಬೆಟ್ಟಿನ ನಿರಾಶ್ರಿತರಿಗೆ ಮನೆಯಾಗಿ, ಅದೇ ಹೆಸರಿನಿಂದ ಲೋಕದಲ್ಲೆಲ್ಲ ಪ್ರಸಿದ್ಧವಾಗಿದೆ.

ಶರಣರ ಪರಂಪರೆಯಲ್ಲಿ ಓದಿದ ನಾನೇ ಇದನ್ನು ಮರೆತೆನಲ್ಲ ಎಂಬುದು ನನ್ನ ಕೊರಗು. ಅನುಭವ ಮಂಟಪಕ್ಕೆ ಬಂದವರಾರೂ ತಮ್ಮ ಹೆಸರನ್ನು ತೊಳೆದುಕೊಂಡು ಬರಲಿಲ್ಲ. ಕಟ್ಟಿಗೆ ಮಾರುತ್ತಿದ್ದವನು ಮೋಳಿಗೆಯ ಮಾರಯ್ಯನಾಗಿಯೇ, ಹಗ್ಗ ಹೊಸೆಯುತ್ತಿದ್ದವನು ನುಲಿಯ ಚಂದಯ್ಯನಾಗಿಯೇ ಉಳಿದನು. ದೋಣಿ ನಡೆಸುತ್ತಿದ್ದ ಅಂಬಿಗರ ಚೌಡಯ್ಯನಂತೂ ತನ್ನ ಹೆಸರನ್ನೇ ವಚನಗಳಿಗೆ ಅಂಕಿತವನ್ನಾಗಿ ಮಾಡಿಕೊಂಡನು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಹೆಸರಿನಲ್ಲಿ ಕಲ್ಲಲ್ಲದೆ ಬೇರೇನಿದೆ? ಆ ಊರಿನ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗಲೇ, ೧೯೭೩ರ ನವೆಂಬರ್ ೧ರಂದು, ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾಯಿತು. ನಾಡಿಗೆ ಹೆಸರಿತ್ತವರ ಊರು ಇಂದಿಗೂ ಕಲ್ಲಹಳ್ಳಿಯೇ.

ಇನ್ನು ಗುರುಪುರದ ಮಾತು. ೧೯೭೦ರ ದಶಕದಲ್ಲಿ ಇಲ್ಲಿಯೂ ಟಿಬೆಟ್ಟಿನವರ ವಸತಿ ಏರ್ಪಟ್ಟಿತು. ೧೪೩೩ರಲ್ಲಿ ತಮ್ಮ ನಾಡಿನಲ್ಲಿ ಸ್ಥಾಪಿತವಾಗಿದ್ದ ಗ್ಯುದ್‌ಮೆದ್ ಎಂಬ ಗುರುಪೀಠವನ್ನು ಅವರು ಇಲ್ಲಿ ಮತ್ತೆ ಕಟ್ಟಿಕೊಂಡರು. ಗುರುಗಳಿಗಾಗಿ ಹೆಸರು ಕಾದು ಕುಳಿತಿತ್ತೋ ಎಂಬಂತೆ, ಗುರುಪುರವು ಕಡಲು ಬೆಟ್ಟಗಳಾಚೆಯವರಿಗೂ ಗುರುವಿನ ಪುರವಾಯಿತು. ಅವರು ತಮ್ಮ ವಸತಿಯನ್ನು ರಬ್‌ಗೇಲಿಂಗ್ ಎನ್ನುತ್ತಾರೆ. ಹಳ್ಳಿಯವರಿಗೆ ಅದು ‘ಕ್ಯಾಂಪು’.

ಅಲ್ಲಿಗೆ ಹೋಗುವಾಗ ನನ್ನ ಪಕ್ಕದಲ್ಲಿ ಕೆಂಪು ನಿಲುವಂಗಿಯ ತರುಣ ಭಿಕ್ಷುವೊಬ್ಬನಿದ್ದನು. “ಯಾವೂರು ಸ್ವಾಮಿ?” ಎಂದೆ. ಹಿಮಾಲಯದಾಚೆಯ ಒಂದು ಹೆಸರನ್ನು ನಿರೀಕ್ಷಿಸಿದ್ದೆ. “ನಮ್ದು ಗುರುಪುರ” ಎಂದನು, ಅಪ್ಪಟ ಮೈಸೂರು ಸೀಮೆಯ ಮಾತಿನಲ್ಲಿ. ನೆಲೆ ಕಳೆದುಕೊಂಡವರ ಮಗನಿಗೆ ಊರ ಹೆಸರಿನ ಬೆಲೆ ಗೊತ್ತಿತ್ತು.

ಓದುಗ ಬಂಧುಗಳೆ, ನಿಮ್ಮ ಊರಿನ ಹೆಸರು ಕೇಳಿ ಯಾರಾದರೂ ನಕ್ಕರೆ ನೀವೂ ಜೊತೆಗೂಡಿ ನಗಿರಿ. ಆಮೇಲೆ ಮನೆಯ ಹಿರಿಯರ ಬಳಿ ಕುಳಿತು ಆ ಹೆಸರಿನ ಕಥೆಯನ್ನು ಕೇಳಿ, ಮಕ್ಕಳಿಗೆ ಹೇಳಿರಿ. ನಾನು ಮತ್ತೊಮ್ಮೆ ಆ ಕುಪ್ಪೆಗೆ ಹೋಗಬೇಕು. ಜಗುಲಿಯ ಆ ತಾಯಿಗೆ ನನ್ನ ತಪ್ಪನ್ನು ಒಪ್ಪಿಸಬೇಕು.