ಸದ್ಯಕ್ಕೆ ರಿವರ್ಬ್ ಒಂದೇ ಸಾಕು

ಬಟವಾಡಿ, ತುಮಕೂರು

ಪ್ರೀತಿಯ ಪುಟ್ಟಿ,

ನಿನ್ನ ಪಟ್ಟಿ ನೋಡಿದೆ. ಡ್ರೈವ್, ಫೇಸರ್, ಕೋರಸ್, ಡಿಲೇ, ರಿವರ್ಬ್. ಐದು ಪೆಡಲ್ಲೂ ಒಟ್ಟಿಗೆ, ಅದೂ ಮೊದಲ ಸಂಬಳದಲ್ಲಿ! ಸಂಬಳ ನಿಂದು, ಮಾವ ಅಡ್ಡ ಬರಲ್ಲ. ಆದರೂ ಕೇಳಿದ್ದೀಯಲ್ಲ, ಹೇಳ್ತೀನಿ: ಈಗ ರಿವರ್ಬ್ ಒಂದನ್ನೇ ತಗೋ.

ಪೆಡಲ್‌ಗಳೆಲ್ಲ ಹುಟ್ಟಿದ್ದು ಹೆಚ್ಚಾಗಿ ಗಿಟಾರಿನವರಿಗಾಗಿ. ಸಿಂಥಸೈಜರ್ ಒಳಗೆ ಅರ್ಧ ಸಾಮಾನು ಮೊದಲೇ ಇರುತ್ತೆ. ಕೋರಸ್ಸನ್ನೇ ನೋಡು. 1982ರ ರೋಲ್ಯಾಂಡ್ ಜೂನೋ-60ರಲ್ಲಿ ಒಂದು ಸ್ವರಕ್ಕೆ ಒಂದೇ ಆಸಿಲೇಟರ್. ನಾದ ತೆಳುವಾಗದಿರಲಿ ಅಂತ ಒಳಗೇ ಕೋರಸ್ ಕೂರಿಸಿದ್ದರು, ಜನ ಇವತ್ತಿಗೂ ಆ ಕೋರಸ್ಸಿಗೆ ಮರುಳಾಗ್ತಾರೆ. ನಿನ್ನ ಕೋರ್ಗ್ ಮಿನಿಲಾಗ್‌ನಲ್ಲಿ ಸ್ವರಕ್ಕೆ ಎರಡು ಆಸಿಲೇಟರ್ ಇವೆ. ಎರಡನೆಯದರ ಶ್ರುತಿಯನ್ನು ಕೂದಲೆಳೆಯಷ್ಟು ಸರಿಸು, ಕೋರಸ್ಸಿನ ಮುಕ್ಕಾಲು ಪಾಲು ಪುಕ್ಕಟೆ ಸಿಗುತ್ತೆ. ಫೇಸರ್ ಬಗ್ಗೆ ನನಗೆ ಹೇಳೋಕೇನೂ ಇಲ್ಲ, ಅದು ಶೋಕಿ.

ಡ್ರೈವ್ ವಿಷಯ ಸ್ವಲ್ಪ ನಾಜೂಕು. ಸ-ಪ ಒತ್ತಿದರೆ ಚೆನ್ನಾಗಿ ಗುಡುಗುತ್ತೆ. ಜೊತೆಗೆ ಗಾಂಧಾರ ಸೇರಿಸಿ ನೋಡು, ಎಲ್ಲ ಕಲಸಿಕೊಂಡು ಗೊಜ್ಜಾಗುತ್ತೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಡ್ರೈವ್ ಮುಂದೆ, ಡಿಲೇ ಹಿಂದೆ, ಕೊನೆಗೆ ರಿವರ್ಬ್ ಅಂತ ಸಾಲು ಬರೆದಿದ್ದೀಯ. ರೂಢಿಯ ಸಾಲು ಅದೇ, ಸರಿಯಾಗಿದೆ. ಆದರೆ ಮಿನಿಲಾಗ್ ಹೊಟ್ಟೆಯೊಳಗೇ ಒಂದು ಡಿಲೇ ಇದೆ. ಅದು ನಿನ್ನ ಎಲ್ಲ ಪೆಡಲ್‌ಗಳಿಗಿಂತ ಮುಂಚೆ ಬಂದುಬಿಡುತ್ತೆ, ಅದನ್ನು ಹೊರಗೆ ಎಳೆದು ಹಿಂದಕ್ಕೆ ಕೂರಿಸೋಕಾಗಲ್ಲ. ಅದು ಆನ್ ಇರುವಾಗ ಹೊರಗಿನ ಡ್ರೈವ್ ತುಳಿದರೆ, ಹಾಡುವ ಸ್ವರದ ಜೊತೆ ಅದರ ಪ್ರತಿಧ್ವನಿಗಳೂ ಒರಟಾಗುತ್ತವೆ, ಒಂದರ ಮೇಲೊಂದು ಬಿದ್ದು ಕಿರುಚುತ್ತವೆ. ಕೆಲವರಿಗೆ ಬೇಕಾಗಿರೋದೇ ಆ ಕಿರುಚಾಟ, ಅದು ಬೇರೆ ಮಾತು. ನೀನು ಪೀಜಿ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಮೋಹನ ನುಡಿಸುವವಳು.

ಆ ರೂಮಿಗೆ ಬೇಕಾಗಿರೋದೇ ರಿವರ್ಬ್. ಹೆಡ್‌ಫೋನಿನಲ್ಲಿ ಸುತ್ತಲಿನ ಗೋಡೆಗಳ ಕೊಡುಗೆ ಸೊನ್ನೆ. ಮೇಲಾಗಿ ಮಿನಿಲಾಗ್‌ನ ಔಟ್‌ಪುಟ್ ಮೋನೋ. ಒಳಗೆ ಮೋನೋ ತಗೊಂಡು ಹೊರಗೆ ಸ್ಟೀರಿಯೋ ಕೊಡುವ ರಿವರ್ಬ್ ನೋಡು. ಬಾಸ್ ಕಂಪನಿಯ ಆರ್‌ವಿ-6 ಅಂಥದ್ದು. ನಾದ ಎರಡೂ ಕಿವಿಗೆ ಹರಡಿಕೊಳ್ಳುತ್ತೆ. ಸಿಂಥ್‌ನ ಸಿಗ್ನಲ್ ಗಿಟಾರಿನದಕ್ಕಿಂತ ಜೋರು. ಪೆಡಲ್ ಒಡೆದ ಹಾಗೆ ಕೇಳಿಸಿದರೆ ಪೆಡಲ್ಲನ್ನು ಬೈಯುವ ಮೊದಲು ಮಿನಿಲಾಗ್‌ನ ವಾಲ್ಯೂಮ್ ಇಳಿಸು.

ಆದರೆ ಸ್ಟೇಜಿಗೆ ಬಂದ ದಿನ ಅದೇ ರಿವರ್ಬನ್ನು ಆಫ್ ಮಾಡಬೇಕಾಗುತ್ತೆ, ತಿಳಿದಿರಲಿ. ನಮ್ಮ ಬಿ.ಎಚ್. ರಸ್ತೆಯ ಕಲ್ಯಾಣ ಮಂಟಪಗಳು ಗೊತ್ತಲ್ಲ, ನೆಲ ಗ್ರಾನೈಟು, ಗೋಡೆ ಟೈಲ್ಸು. ನೀನು ಎಷ್ಟೇ ಜೋಡಿಸು, ಸಾಲಿನ ಕಟ್ಟಕಡೆಯ ಪೆಡಲ್ ಆ ಮಂಟಪವೇ, ಅದಕ್ಕೆ ಸ್ವಿಚ್ಚೂ ಇಲ್ಲ. ಎಪಿಎಂಸಿ ಯಾರ್ಡಿನ ಹತ್ತಿರ ಬಯಲಲ್ಲಿ ನುಡಿಸಿದರೆ ಉಲ್ಟಾ: ಲಾರಿ ಸದ್ದಿನಲ್ಲಿ ರಿವರ್ಬಿನ ಬಾಲ ಯಾರಿಗೂ ಕೇಳಲ್ಲ.

ಮುಂದಿನ ವರ್ಷ ಡಿಲೇ ತಗೋ, ಕಾಲಲ್ಲಿ ತಟ್ಟಿ ಕಾಲಪ್ರಮಾಣ ಕೊಡುವಂಥದ್ದು. ನಿಮಿಷಕ್ಕೆ 80 ತಟ್ಟಿದರೆ ಒಂದೊಂದು ಅಕ್ಷರಕ್ಕೆ 750 ಮಿಲಿಸೆಕೆಂಡ್. ಡಿಲೇಯನ್ನು 250ಕ್ಕೆ ಇಟ್ಟರೆ ತಿಶ್ರ ನಡೆ ತಾನಾಗಿ ಕೂರುತ್ತೆ, 150ಕ್ಕೆ ಇಟ್ಟರೆ ಖಂಡ. ಅಮೆರಿಕದವರ ವಿಡಿಯೋದಲ್ಲಿ ಇದನ್ನು ಯಾರೂ ಹೇಳಿಕೊಡಲ್ಲ ನೋಡು. ಮೋಹನಕ್ಕೆ ಡಿಲೇ ಎಷ್ಟು ಬಿಟ್ಟರೂ ಹಿತ, ಯಾಕಂದ್ರೆ ಅದರಲ್ಲಿ ಅರ್ಧ ಸ್ವರದ ಅಂತರದಲ್ಲಿ ಅಂಟಿಕೊಂಡ ಸ್ವರಗಳಿಲ್ಲ. ಮಾಯಾಮಾಳವಗೌಳದಲ್ಲಿ ಷಡ್ಜದ ಪ್ರತಿಧ್ವನಿ ಇನ್ನೂ ಉಳಿದಿರುವಾಗಲೇ ಶುದ್ಧ ರಿಷಭ ಬಂದು ಅದಕ್ಕೆ ಡಿಕ್ಕಿ ಹೊಡೆಯುತ್ತೆ. ಅಲ್ಲಿ ಫೀಡ್‌ಬ್ಯಾಕ್ ಕಮ್ಮಿ ಇಡು. ಎಲೆಕ್ಟ್ರಾನಿಕ್ ತಂಬೂರಿಯನ್ನಂತೂ ಈ ಸಾಲಿಗೆ ಸೇರಿಸಲೇಬೇಡ, ಅದು ನೇರ ಮಿಕ್ಸರಿಗೆ ಹೋಗಲಿ. ಶ್ರುತಿ ಅಲುಗಬಾರದು.

ನಿನ್ನ ಪಟ್ಟಿಯಲ್ಲಿ ಇಲ್ಲದ್ದೊಂದಿದೆ, ವಾಲ್ಯೂಮ್ ಪೆಡಲ್. ಗುಬ್ಬಿ ಇಲ್ಲೇ ಪಕ್ಕದಲ್ಲಿದೆ. 1884ರಲ್ಲಿ ಶುರುವಾದ ಅಲ್ಲಿನ ನಾಟಕ ಕಂಪನಿಯ ಹೆಸರು ಯಾರಿಗೆ ಗೊತ್ತಿಲ್ಲ. ಕಂಪನಿ ನಾಟಕದ ಮೇಷ್ಟ್ರುಗಳು ಲೆಗ್ ಹಾರ್ಮೋನಿಯಂ ತುಳಿಯುವಾಗ ಎರಡೂ ಕೈ ಮನೆಗಳ ಮೇಲೆ, ನಾದದ ಏರಿಳಿತ ಮಾತ್ರ ಪಾದದಲ್ಲಿ. ಹಿಡಿದ ಸ್ವರವನ್ನು ಉಬ್ಬಿಸಿ ಇಳಿಸುವ ಆ ಕೆಲಸ ನಿನ್ನ ಪುಟ್ಟ ಕೀಗಳಿಂದ ಆಗಲ್ಲ, ವಾಲ್ಯೂಮ್ ಪೆಡಲ್‌ನಿಂದ ಆಗುತ್ತೆ. ಕೀಬೋರ್ಡಿಗೆ ಅಂತಲೇ ಮಾಡಿದ, 25 ಕಿಲೋಓಮ್ ಆಸುಪಾಸಿನದು ಕೇಳು, ಗಿಟಾರಿನದು 250ರದ್ದು. ರಿವರ್ಬಿಗೆ ಮುಂಚೆ ಜೋಡಿಸು. ಕಾಲು ಎತ್ತಿದರೂ ಬಾಲ ತುಂಡಾಗದೆ ನಿಧಾನ ಕರಗುತ್ತೆ.

ಅಡಾಪ್ಟರ್ ವಿಷಯದಲ್ಲಿ ಹುಷಾರು ಕಣೇ. ಮಿನಿಲಾಗ್‌ದೂ 9 ವೋಲ್ಟ್, ಪೆಡಲ್‌ದೂ 9 ವೋಲ್ಟ್. ಆದರೆ ಕೋರ್ಗ್‌ನ ಪಿನ್ನಿನ ನಡುವೆ ಪ್ಲಸ್, ಬಾಸ್‌ನದರ ನಡುವೆ ಮೈನಸ್. ಒಂದಕ್ಕೊಂದು ಅದಲುಬದಲು ಮಾಡಬೇಡ, ಈಗಲೇ ಎರಡಕ್ಕೂ ಬೇರೆ ಬೇರೆ ಬಣ್ಣದ ಟೇಪ್ ಸುತ್ತು. ಹೊರದೇಶದಿಂದ ತರಿಸೋದಾದರೆ ಕಸ್ಟಮ್ಸ್ ಸುಂಕ, ಕೊರಿಯರ್ ಖರ್ಚು ಎಲ್ಲ ಕೂಡಿಸಿ ನೋಡಿ ಆಮೇಲೆ ಒತ್ತು.

ಈ ಭಾನುವಾರ ಮಿನಿಲಾಗ್ ಹೊತ್ತುಕೊಂಡು ಬಾ. ನನ್ನ ಆರ್ಕೆಸ್ಟ್ರಾ ಕಾಲದ ರಿವರ್ಬ್, ಡಿಲೇ ಎರಡೂ ಅಟ್ಟದ ಮೇಲಿವೆ. ಹಿಂದೆ ಮುಂದೆ ಮಾಡಿ ನೀನೇ ಕೇಳುವೆಯಂತೆ. ಬಸ್ ಸ್ಟ್ಯಾಂಡ್ ತನಕ ಹೋಗಬೇಡ, ಬಟವಾಡಿಯಲ್ಲೇ ಇಳಿ. ಬರುವಾಗ ಚಿಕ್ಕ ಪ್ಯಾಚ್ ಕೇಬಲ್ ಒಂದೆರಡು ತಗೊಂಡು ಬಾ, ನನ್ನವೆಲ್ಲ ಕರಕರ ಅಂತಿವೆ.

ನಿನ್ನ,
ಮಾವ